ಮೈಕಮ್ಮನ ಮಾಸ್ಕು

ನಮ್ಮತ್ತೆಯ ಬೈಗುಳ ಕೇಳದೆ ಈ ಊರಿನಲ್ಲಿ ಬಸ್ಸು ಹತ್ತಿದವರು ಕಡಿಮೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ದಿನದವರೆಗೂ ಅದೇ ಗೂಡು, ಅದೇ ಕುರ್ಚಿ, ಅದೇ ಗತ್ತು. ‘ಪ್ರಯಾಣಿಕರ ಗಮನಕ್ಕೆ’ ಎಂದರೆ ಸಾಕು, ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದವನೂ ಎದ್ದು ಕೂತು ತನ್ನ ಚೀಲ ತಡವಿ ನೋಡಿಕೊಳ್ಳುತ್ತಿದ್ದ. ಮಗು ಕಳೆದುಕೊಂಡ ತಾಯಿಗೆ ಧೈರ್ಯ ಹೇಳುವುದೂ ಅದೇ ಮೈಕಿನಲ್ಲಿ, ಮಗು ಸಿಕ್ಕ ಮೇಲೆ ‘ಹರಟೆ ಹೊಡೆಯುವಾಗ ಮಗುವಿನ ಕೈ ಹಿಡಿದುಕೊಂಡಿರಬೇಕು’ ಎಂದು ಛೀಮಾರಿ ಹಾಕುವುದೂ ಅದೇ ಮೈಕಿನಲ್ಲಿ. ಜನ ಮೈಕಮ್ಮ ಎಂದು ಹೆಸರಿಟ್ಟಿದ್ದರು. ನಾನೂ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದೆ. ಎದುರಿಗೆ ಕರೆಯುವಷ್ಟು ಎದೆಗಾರಿಕೆ ಇರಲಿಲ್ಲ.

ಮಾವ ಬಸ್ ಡ್ರೈವರ್ ಆಗಿದ್ದವರು. ಮದುವೆಗೆ ಮುಂಚೆ ಬೇಕೆಂದೇ ಬಸ್ಸನ್ನು ಅಡ್ಡ ನಿಲ್ಲಿಸಿ ಚಹಾ ಕುಡಿಯಲು ಹೋಗುತ್ತಿದ್ದರಂತೆ. ಚಾಲಕರು ಎಲ್ಲಿದ್ದರೂ ಬಂದು ಬಸ್ಸು ತೆಗೆಯಬೇಕೆಂದು ಮೈಕು ಮೊದಲ ಸಲ ಮರ್ಯಾದೆಯಾಗಿ ಹೇಳುತ್ತಿತ್ತು, ಎರಡನೇ ಸಲ ಗಡುಸಾಗಿ. ಮೂರನೇ ಸಲ ‘ಕಿವಿ ಕೇಳಿಸುವುದಿಲ್ಲವೇನ್ರೀ?’ ಎಂದು ಇಡೀ ನಿಲ್ದಾಣದ ಎದುರಿಗೆ ಮಾನ ತೆಗೆಯುತ್ತಿತ್ತು. ಆ ಮೂರನೆಯದಕ್ಕಾಗಿಯೇ ಕಾಯುತ್ತಿದ್ದೆ ಎಂದು ಮಾವ ನನಗೆ ಹೇಳಿ ನಗುತ್ತಿದ್ದರು. ಕೊನೆಗೆ ಎಂಜಿನ್ನಿನ ಪಕ್ಕ ಕೂತೂ ಕೂತೂ ಕಿವಿ ನಿಜವಾಗಿಯೂ ಮಂದವಾಯಿತು. ಅತ್ತೆಯ ಬಾಯಿ ನೋಡಿಕೊಂಡೇ ಮಾತು ತಿಳಿದುಕೊಳ್ಳುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು.

ಆ ಬಾಯಲ್ಲಿದ್ದದ್ದು ಕಟ್ಟಿಸಿದ ಹಲ್ಲು. ಐವತ್ತು ದಾಟುವ ಮೊದಲೇ ವಸಡಿನ ಕಾಯಿಲೆ ಬಂದು ಅತ್ತೆಯ ಹಲ್ಲೆಲ್ಲ ಕೀಳಿಸಬೇಕಾಯಿತು. ಆಗ ಅವರು ಮನೆಯಲ್ಲಿರದೆ ತಂಗಿಯ ಮನೆಗೆ ಹೋಗಿ ಕೂತು, ಬಾಯಿ ಮಾಗಿ ಹೊಸ ಹಲ್ಲಿನ ಸೆಟ್ಟು ಕೂತ ಮೇಲೇ ಗಂಡನ ಮುಂದೆ ಬಂದರು. ಕಟ್ಟಿಸಿದ ಹಲ್ಲು ಎಂದು ಮಾವನಿಗೆ ಗೊತ್ತು. ಹಲ್ಲಿಲ್ಲದ ಮುಖವನ್ನು ಮಾತ್ರ ಒಂದು ದಿನವೂ ನೋಡಿದವರಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಸೆಟ್ಟು ಬಚ್ಚಲಿನ ಡಬ್ಬಿಗೆ, ಮಾವ ಏಳುವ ಮೊದಲೇ ಮತ್ತೆ ಬಾಯಿಗೆ. ‘ಇಷ್ಟು ವಯಸ್ಸಾದ ಮೇಲೂ ಯಾಕತ್ತೆ ಈ ಕಷ್ಟ?’ ಎಂದು ಒಮ್ಮೆ ಕೇಳಿದ್ದಕ್ಕೆ, ‘ನಿನ್ನ ಬಾಯಲ್ಲಿ ಮೂವತ್ತೆರಡೂ ಗಟ್ಟಿ ಇವೆಯಲ್ಲ, ಅದಕ್ಕೇ ಮಾತು ಜಾಸ್ತಿ’ ಎಂದಿದ್ದರು. ಹಠ ಅಂದರೆ ಹಠ. ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಆ ಸೆಟ್ಟು ಒಂದು ಬೆಳಿಗ್ಗೆ ಕೈಜಾರಿ ಬಚ್ಚಲಿನ ಕಲ್ಲಿನ ಮೇಲೆ ಬಿತ್ತು. ಮೇಲಿನದು ಎರಡು ಹೋಳು. ನಾನೇ ಇಡೀ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಿಲ್ದಾಣದ ಹಿಂದಿನ ಓಣಿಯಲ್ಲಿ ಹಲ್ಲು ಕಟ್ಟುವವನ ಅಂಗಡಿಗೆ ಹೋದೆ. ಕೆಳಗಿನದೂ ಸರಿಯಾಗಿ ಕೂರುತ್ತಿಲ್ಲ ಎಂದಿದ್ದಕ್ಕೆ ಅದನ್ನೂ ಇಟ್ಟುಕೊಂಡ. ‘ನಾಡಿದ್ದು ಬನ್ನಿ ಅಕ್ಕಾ, ಹೊಸದರ ಥರ ಮಾಡಿಕೊಡ್ತೀನಿ’ ಎಂದ. ನಾಡಿದ್ದು ಬರುವ ಮೊದಲೇ ಟೀವಿಯಲ್ಲಿ ಲಾಕ್‌ಡೌನ್ ಎಂದರು. ಬಸ್ಸು ನಿಂತಿತು, ಅಂಗಡಿಗಳ ಬಾಗಿಲು ಬಿದ್ದವು. ಲೋಡು ಹಾಕಿಕೊಂಡು ಲಾರಿ ತೆಗೆದುಕೊಂಡು ಹೋಗಿದ್ದ ನನ್ನ ಗಂಡ ಎಲ್ಲೋ ಗಡಿಯಲ್ಲಿ ಸಿಕ್ಕಿಹಾಕಿಕೊಂಡ. ಮನೆಯಲ್ಲಿ ಉಳಿದವರು ನಾವು ಮೂವರು.

ಅತ್ತೆ ಮಾಸ್ಕು ಹಾಕಿಕೊಂಡರು. ಹೊರಗೆ ಹೋಗುವುದಕ್ಕಲ್ಲ, ಮನೆಯೊಳಗೆ. ಎದ್ದಾಗಿನಿಂದ ಮಲಗುವವರೆಗೆ ಮೂಗಿನಿಂದ ಗದ್ದದವರೆಗೆ ಬಿಳಿ ಬಟ್ಟೆ. ಊಟ ಅಡುಗೆಮನೆಯಲ್ಲಿ, ನಮ್ಮಿಬ್ಬರದೂ ಆದ ಮೇಲೆ, ಗೋಡೆಯ ಕಡೆ ಮುಖ ಮಾಡಿಕೊಂಡು. ಹಾಲಿನಲ್ಲಿ ಅದ್ದಿದ ಬ್ರೆಡ್ಡು ಅಥವಾ ಗಂಜಿ.

‘ಏನೇ ಇವಳೇ, ಕೊರೊನಾ ನನ್ನ ಮೀಸೆಯಲ್ಲೇ ಮನೆ ಮಾಡಿದೆ ಅಂದ್ಕೊಂಡ್ಯಾ?’ ಎಂದು ಮಾವ ಮೊದಮೊದಲು ಛೇಡಿಸಿದರು. ಅತ್ತೆ ಕೈ ಆಡಿಸಿ ಸುಮ್ಮನಾಗುತ್ತಿದ್ದರು. ಹಲ್ಲಿಲ್ಲದೆ ಮಾತು ಕೊಳಕೊಳ ಎನ್ನುತ್ತಿತ್ತು. ಮೈಕಿನ ಮುಂದೆ ಒಂದಕ್ಷರ ತೊದಲದ ಬಾಯಿ ಅದು. ಅವರು ಏನಾದರೂ ಹೇಳಿದರೂ ಬಟ್ಟೆಯ ಹಿಂದಿನಿಂದ ಬಂದ ಮಾತು ಮಾವನ ಮಂದ ಕಿವಿಗೆ ಮುಟ್ಟುತ್ತಿರಲಿಲ್ಲ. ಓದಿಕೊಳ್ಳಲು ಬಾಯಿಯೂ ಕಾಣದು. ಬರಬರುತ್ತಾ ಛೇಡಿಸುವುದೂ ನಿಂತಿತು. ಒಂದು ದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಮಾವ ಹತ್ತಿರ ಬಂದು, ‘ನಿಮ್ಮತ್ತೆಗೆ ನನ್ನ ಮೇಲೆ ಯಾಕಮ್ಮಾ ಸಿಟ್ಟು?’ ಎಂದು ಸಣ್ಣ ಮುಖ ಮಾಡಿಕೊಂಡು ಕೇಳಿದರು.

ನನಗೆ ರೇಗಿಹೋಯಿತು. ಅಡುಗೆಮನೆಗೆ ಹೋಗಿ ಅತ್ತೆಗೆ ನೇರವಾಗಿ ಹೇಳಿದೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ ನೋಡಿ. ಹಲ್ಲಿಲ್ಲ ಅಂತ ಹೇಳಿದ್ರೆ ಏನ್ ಗಂಟು ಹೋಗುತ್ತೆ? ಅವರು ನೀವು ಮುನಿಸ್ಕೊಂಡಿದೀರ ಅಂತ ಕೊರಗ್ತಾ ಇದಾರೆ.’

‘ಇನ್ನೊಂದು ವಾರ ತಡ್ಕೋ ಕಣೇ. ಅಂಗಡಿ ತೆಗೀತಾರೆ. ಹಲ್ಲು ಬರ್ಲಿ, ಆಮೇಲೆ ಅವರಿಗೆ ಸಾಕುಸಾಕಾಗೋ ಹಾಗೆ ಮಾತಾಡ್ತೀನಿ’ ಎಂದರು. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅಂಗಲಾಚುವ ಕಣ್ಣು. ಅಂಥ ಕಣ್ಣು ಅವರದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹಾಲು ತರುವ ನೆಪದಲ್ಲಿ ಹಲ್ಲು ಕಟ್ಟುವವನ ಓಣಿಯವರೆಗೂ ಹೋದೆ. ಓಣಿಯ ಬಾಯಿಗೆ ಅಡ್ಡ ಹಗ್ಗ ಕಟ್ಟಿ ಪೊಲೀಸಿನವನು ನಿಂತಿದ್ದ. ಏನು ತುರ್ತು ಎಂದು ಕೇಳಿದ. ಹಲ್ಲು ಎಂದೆ. ಅವನು ಲಾಠಿ ಕಂಕುಳಿಗೆ ಸಿಕ್ಕಿಸಿಕೊಂಡು ನಕ್ಕ. ‘ಹಾಲು, ಔಷಧಿ, ಹೆಣ. ಈ ಮೂರಕ್ಕೆ ಬಿಡ್ತೀವಿ ಅಕ್ಕಾ. ಹಲ್ಲಿಗೆ ಇನ್ನೂ ಆರ್ಡರ್ ಬಂದಿಲ್ಲ.’ ನಿನ್ನ ಹಲ್ಲು ಉದುರಿದಾಗ ಗೊತ್ತಾಗುತ್ತೆ ಬಿಡು ಎಂದು ಬೈದು ವಾಪಸು ಬಂದೆ. ಹಲ್ಲು ಕಟ್ಟುವವನಿಗೆ ಫೋನು ಮಾಡಿದರೆ ಅವನು ಹೆಂಡತಿಯ ತವರಿಗೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದ. ಅಂಗಡಿಯ ಬೀಗದಕೈ ಅವನ ಜೇಬಿನಲ್ಲಿ. ‘ಸೆಟ್ಟು ರೆಡಿ ಇದೆ ಅಕ್ಕಾ, ಮೇಜಿನ ಮೇಲೇ ಇದೆ’ ಎಂದು ಗಾಯಕ್ಕೆ ಉಪ್ಪು ಸವರಿದ.

ಅಷ್ಟರಲ್ಲಿ ಮಾವನಿಗೆ ಜ್ವರ ಬಂತು. ಎಲ್ಲಿಂದ ಬಂತೋ, ನಾನು ತಂದ ಹಾಲಿನಿಂದಲೋ, ಅವರು ಗೇಟಿನ ಬಳಿ ನಿಂತು ಯಾರನ್ನೋ ಮಾತಾಡಿಸಿದ್ದರಿಂದಲೋ, ಆ ದೇವರಿಗೇ ಗೊತ್ತು. ಕೆಮ್ಮು ಹೆಚ್ಚಾದಾಗ ಆಂಬುಲೆನ್ಸಿನವರು ಬಂದರು. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಗಂಡಸೋ ಹೆಂಗಸೋ ತಿಳಿಯದು. ಮಾವ ಮೆಟ್ಟಿಲಿಳಿಯುವಾಗ ತಿರುಗಿ ನೋಡಿದರು. ಅತ್ತೆ ಬಾಗಿಲಲ್ಲಿ ನಿಂತು, ‘ಬೇಗ ಬಂದ್ಬಿಡ್ರೀ’ ಎಂದರು. ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಮಾವ ಆ ಬಿಳಿ ಬಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ, ಗಾಡಿ ಹತ್ತಿದರು. ಬಂದವರು ನಮ್ಮ ಗೇಟಿಗೆ ಕೆಂಪು ಚೀಟಿ ಅಂಟಿಸಿ, ಹೊಸ್ತಿಲು ದಾಟಬಾರದೆಂದು ಹೇಳಿ ಹೋದರು.

ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಮಾವನ ವಾರ್ಡಿನ ನರ್ಸಮ್ಮ ಒಬ್ಬಳು, ಪುಣ್ಯಾತ್ಗಿತ್ತಿ, ಪುರುಸೊತ್ತಾದಾಗ ತನ್ನ ಫೋನಿನಲ್ಲೇ ವಿಡಿಯೋ ಕರೆ ಮಾಡಿ ಅವರ ಮುಖದ ಮುಂದೆ ಹಿಡಿಯುತ್ತಿದ್ದಳು. ಮಾವನ ಮೂಗುಬಾಯಿಗೂ ಆಮ್ಲಜನಕದ ಕೊಳವೆ, ಇತ್ತ ಅತ್ತೆಗೆ ಮಾಸ್ಕು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂರುತ್ತಿದ್ದರು. ‘ಮಾಸ್ಕ್ ತೆಗೀರಮ್ಮಾ, ಫೋನಿಂದ ಕಾಯಿಲೆ ಬರಲ್ಲ’ ಎಂದು ನರ್ಸಮ್ಮ ನಗುತ್ತಿದ್ದಳು. ಮಾವ ಕೈಯೆತ್ತಿ, ಬಟ್ಟೆ ಸರಿಸು ಎಂದು ಸನ್ನೆ ಮಾಡುತ್ತಿದ್ದರು. ಅತ್ತೆ ತಲೆಯಾಡಿಸಿ, ನಾಳೆ, ನಾಳೆ ಎಂದು ಕೈ ತೋರಿಸುತ್ತಿದ್ದರು. ಒಂದು ಸಲವಂತೂ ನನಗೆ ತಡೆಯಲಾಗದೆ ಹಿಂದಿನಿಂದ ಮಾಸ್ಕಿನ ದಾರಕ್ಕೆ ಕೈ ಹಾಕಿದೆ. ಫಟ್ಟೆಂದು ಕೈಗೆ ಹೊಡೆದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನನ್ನ ಕಾಲ ಬರುವ ಲಕ್ಷಣವೇ ಇರಲಿಲ್ಲ.

ಒಂದು ಮಧ್ಯಾಹ್ನ ನರ್ಸಮ್ಮ ಮೊದಲು ನನಗೆ ವಿಡಿಯೋ ಇಲ್ಲದ ಬರೀ ಕರೆ ಮಾಡಿದಳು. ‘ನಿಮ್ಮಾವನ ಉಸಿರು ಸರಿಯಿಲ್ಲ. ಮಾತಾಡೋರಿದ್ರೆ ಇವತ್ತೇ ಮಾತಾಡಿಬಿಡಿ. ನಾಳೆಗೆ ಇಟ್ಕೋಬೇಡಿ’ ಎಂದಳು. ನಾನು ಅತ್ತೆಗೆ ಹೇಳಿದೆ. ಅವರು ಬಚ್ಚಲಿಗೆ ಹೋಗಿ ಮುಖ ತೊಳೆದು, ತಲೆ ಬಾಚಿಕೊಂಡು ಬಂದು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡರು. ಫೋನು ಬಂದಾಗ ತಾವೇ ಮಾಸ್ಕು ತೆಗೆದರು.

ಕೆನ್ನೆ ಒಳಗೆ ಹೋಗಿ, ತುಟಿ ಮಡಚಿಕೊಂಡು, ಗದ್ದ ಮೂಗಿನ ಹತ್ತಿರ ಬಂದುಬಿಟ್ಟಿತ್ತು. ಗಂಜಿ ಕುಡಿದು ಕುಡಿದು ಮೈಯೂ ಇಳಿದಿತ್ತು. ನರ್ಸಮ್ಮ ಫೋನನ್ನು ಮಾವನ ಕಣ್ಣಿನ ಹತ್ತಿರ ಹಿಡಿದಳು. ಮಾವ ಬಹಳ ಹೊತ್ತು ನೋಡಿದರು.

‘ಅತ್ತೇ...’ ಎಂದರು.

ನಾನು ಕರೆಯುವ ಹಾಗೆ ಕರೆದು ಛೇಡಿಸುತ್ತಿದ್ದಾರೆ ಎಂದುಕೊಂಡೆ. ಅತ್ತೆಗೂ ಹಾಗೇ ಅನಿಸಿರಬೇಕು, ಬೊಚ್ಚು ಬಾಯಲ್ಲೇ ನಕ್ಕುಬಿಟ್ಟರು. ಎಷ್ಟು ಕಾಲವಾಗಿತ್ತೋ ಅವರು ಹಾಗೆ ನಕ್ಕು.

‘ಯಾವಾಗ ಬಂದ್ರಿ ಅತ್ತೆ? ಊರಿಂದ ಒಬ್ರೇ ಬಂದ್ರಾ? ಬಸ್ಸೆಲ್ಲಾ ನಿಂತಿದೆಯಲ್ಲ’ ಎಂದರು ಮಾವ.

ಅತ್ತೆಯ ನಗು ಹಾಗೇ ನಿಂತುಹೋಯಿತು. ಮಾವ ಮಾತಾಡುತ್ತಿದ್ದುದು ತಮ್ಮ ಅತ್ತೆಯ ಜೊತೆ, ಅಂದರೆ ಇವರ ತಾಯಿಯ ಜೊತೆ. ಆಕೆ ತೀರಿಕೊಂಡದ್ದು ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ‘ಮಾವಾ, ಇವರೇ ನಮ್ಮತ್ತೆ! ಸರಿಯಾಗಿ ನೋಡಿ!’ ಎಂದು ಅರಚಿದೆ. ಅವರ ಕಿವಿಗೆ ಏನು ಕೇಳಿಸೀತು. ಪಕ್ಕದಲ್ಲಿ ಯಾವುದೋ ಯಂತ್ರ ಬೇರೆ ಬಡಿದುಕೊಳ್ಳುತ್ತಿತ್ತು, ನರ್ಸಮ್ಮ ಅದರ ಕಡೆ ತಿರುಗಿದ್ದಳು, ಅವಳಿಗೂ ಕೇಳಿಸಲಿಲ್ಲ.

‘ಅವಳೆಲ್ಲಿ?’ ಮಾವ ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ‘ಸಿಟ್ಟಾಗಿದಾಳೆ. ಬಾಯಿಗೆ ಬಟ್ಟೆ ಕಟ್ಕೊಂಡು ಕೂತವಳು... ಒಂದು ಮಾತಾಡ್ಲಿಲ್ಲ. ನಾನೇನು ಮಾಡ್ದೆ ಅಂತ... ನೀವಾದ್ರೂ ಕೇಳಿ ಅತ್ತೆ.’

ನಾನು ಮತ್ತೆ ಬಾಯಿ ತೆರೆದಾಗ ಅತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಫೋನಿನ ಹತ್ತಿರ ಬಾಗಿ, ‘ಸಿಟ್ಟಿಲ್ಲ ಅಳಿಯಂದ್ರೇ, ಅವಳಿಗೆ ಸಿಟ್ಟು ಎಳ್ಳಷ್ಟೂ ಇಲ್ಲ’ ಎಂದರು. ಅತ್ತ ನರ್ಸಮ್ಮ ಮಾವನ ಕಿವಿಗೆ ಬಾಯಿಟ್ಟು, ‘ಸಿಟ್ಟಿಲ್ವಂತೆ ತಾತಾ!’ ಎಂದು ಕೂಗಿ ಹೇಳಿದಳು.

‘ಹಂಗಾದ್ರೆ ಕರೀರಿ ಅವಳನ್ನ.’

‘ಒಳಗಿದಾಳೆ. ಬರ್ತಾಳೆ. ನೀವು ಸ್ವಲ್ಪ ಮಲಗಿ.’

‘ಬರ್ತಾಳಂತೆ ತಾತಾ, ಮಲಗಿ!’

‘ಇಲ್ಲ, ಎದ್ದೇ ಇರ್ತೀನಿ’ ಎಂದರು ಮಾವ. ಯಾರೋ ಕರೆದರೆಂದು ನರ್ಸಮ್ಮ ಫೋನು ಇಟ್ಟಳು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ‘ನಾನೇ ನಿಮ್ಮ ಹೆಂಡ್ತಿ ಅನ್ನೋಕೇನಾಗಿತ್ತು ನಿಮಗೆ?’ ಎಂದು ಕೂಗಾಡಿದೆ.

‘ಒಂದು ಮಾತಾಡೋಕೆ ಅಷ್ಟು ಒದ್ದಾಡ್ತಿದ್ರಲ್ಲೇ. ಇದು ನಾನೇ ಅಂತ ಒಪ್ಪಿಸೋಕೆ ಇನ್ನೆಷ್ಟು ಮಾತಾಡಿಸ್ಬೇಕಿತ್ತು ಅವರ ಕೈಲಿ?’ ಎಂದು ಅತ್ತೆ ಎದ್ದರು. ‘ಹತ್ತಿ ಇದೆಯೇನೇ ಮನೇಲಿ?’

ಹತ್ತಿಯನ್ನು ಉದ್ದುದ್ದ ಹೊಸೆದು ತುಟಿಯ ಹಿಂದೆ, ಕೆನ್ನೆಯೊಳಗೆ ತುಂಬಿಕೊಂಡರು. ಕನ್ನಡಿಯ ಮುಂದೆ ನಿಂತು ತೆಗೆದರು, ಮತ್ತೆ ತುಂಬಿದರು. ವಾಕರಿಕೆ ಬಂದರೂ ಬಿಡಲಿಲ್ಲ. ಒಂದು ಹದಕ್ಕೆ ಬಂದಾಗ ಮುಖ ನಿಜವಾಗಿಯೂ ಹಳೆಯ ಮುಖದ ಹತ್ತಿರ ಬಂದಿತ್ತು. ಈಗ ಅವರು ಗುರುತು ಹಿಡಿಯುತ್ತಾರೆ ಎಂದು ನನಗೂ ಆಸೆ ಹುಟ್ಟಿತು. ಕಿಟಕಿಯ ಬೆಳಕು ಕಡಿಮೆಯಾದಾಗ ದೀಪ ಹಾಕಿ, ಫೋನನ್ನು ಡಬ್ಬಿಗೆ ಒರಗಿಸಿಟ್ಟು ಅದರ ಮುಂದೆ ಕೂತರು. ನಾನು ನರ್ಸಮ್ಮನಿಗೆ ಮೇಲಿಂದ ಮೇಲೆ ಕರೆ ಮಾಡಿದೆ. ಎತ್ತಲಿಲ್ಲ.

ಕತ್ತಲಾದ ಮೇಲೆ ಅವಳೇ ಮಾಡಿದಳು. ವಿಡಿಯೋ ಅಲ್ಲ, ಬರೀ ಕರೆ. ಅತ್ತೆ ನನಗಿಂತ ಮೊದಲು ಫೋನೆತ್ತಿ, ಬಾಯಿಂದ ಹತ್ತಿಯನ್ನು ಅಂಗೈಗೆ ಉಗಿದು, ‘ಹಲೋ’ ಎಂದರು. ನಾನು ಸ್ಪೀಕರ್ ಒತ್ತಿದೆ.

‘ಯಾರು, ಮಧ್ಯಾಹ್ನ ಮಾತಾಡಿದ ಅಜ್ಜೀನಾ?’ ಧ್ವನಿಯಿಂದಲೇ ಗುರುತು ಹಿಡಿದಳು. ‘ಅಜ್ಜೀ, ನಿಮ್ಮ ಅಳಿಯ ಹೋಗ್ಬಿಟ್ರು. ಈಗ ತಾನೇ.’

ಅತ್ತೆ ಕುರ್ಚಿಯ ಕೈ ಹಿಡಿದುಕೊಂಡರು. ‘ಏನಾದ್ರೂ ಅಂದ್ರೇನಮ್ಮಾ?’

‘ಬಂದ್ಲಾ, ಬಂದ್ಲಾ ಅಂತ ಕೇಳ್ತಾನೇ ಇದ್ರು. ಕಣ್ಣು ಮುಚ್ಚೋವರೆಗೂ ಬಾಗಿಲನ್ನೇ ನೋಡ್ತಿದ್ರು.’ ನರ್ಸಮ್ಮ ದನಿ ತಗ್ಗಿಸಿದಳು. ‘ಆದ್ರೆ ಇದನ್ನ ನಿಮ್ಮ ಮಗಳಿಗೆ ಹೇಳ್ಬೇಡಿ ಅಜ್ಜಿ. ಪಾಪ, ಬದುಕಿರೋವರೆಗೂ ಕೊರಗ್ತಾರೆ.’

‘ಇಲ್ಲಮ್ಮಾ, ಹೇಳಲ್ಲ’ ಎಂದರು ಅತ್ತೆ.