ಪಾಲಿಶ್ ಹಾಕಿಸಿದ ಹೊಸ್ತಿಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಕನ್ನಡಕ ಒರೆಸಿಕೊಂಡು, ಎದ್ದು ಹೋಗಿದ್ದೇನೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಬರವಣಿಗೆ ಎಲ್ಲಿಂದ ಬರಬೇಕು ಎಂದು ನೆಪ ಹೇಳಿಕೊಂಡೆ. ನಿಜವಾಗಿ ಇಲ್ಲದ್ದು ಧೈರ್ಯ.

ಶಿಡ್ಲಘಟ್ಟದ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮೂರು ಮನೆಗಳಿರುವ ಹಳೆಯ ಕಟ್ಟಡವಿದೆ. ಬೀದಿ ಕಡೆಯ ಮನೆ ನಮ್ಮದು, ತಾತನ ಕಾಲದ್ದು. ಅಮ್ಮ ಬೇಗ ಹೋಗಿಬಿಟ್ಟಳು. ಅಕ್ಕ ಮದುವೆಯೇ ಬೇಡವೆಂದು ನಿಂತು ನನ್ನನ್ನು ಸಾಕಿದಳು. ನನ್ನ ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ನಾವಿಬ್ಬರೇ.

ಮನೆಯನ್ನು ಹೊಸದು ಮಾಡಿಸುವ ಹುಚ್ಚು ನನಗೆ ಹಿಡಿಯಿತು. ಚಿಕ್ಕಬಳ್ಳಾಪುರದಿಂದ ಬಂದ ಇಂಟೀರಿಯರ್ ಡಿಸೈನರ್ ಹುಡುಗಿ, ಮರದ ತೊಲೆ, ಕೆಂಪು ಗಾರೆ ನೆಲ, ತೇಗದ ಹೊಸ್ತಿಲು ಹಾಗೇ ಇರಲಿ ಎಂದಳು. ಉಳಿದದ್ದೆಲ್ಲ ಈಗಿನದು: ಬಿಳಿ ಗೋಡೆ, ಗಾಜಿನ ಬೀರು, ಕಣ್ಣಿಗೆ ಕಾಣದ ದೀಪಗಳು. "ಅಜ್ಜಿಗೇನು ಬೇಕೋ ಒಂದು ಮಾತು ಕೇಳಿ ಹೇಳಿ ಸಾರ್" ಎಂದಿದ್ದಳು. ನಾನು ಅಕ್ಕನನ್ನು ಕೇಳಲಿಲ್ಲ.

ಹೊಸ್ತಿಲ ಮೇಲೆ ಪದರಗಟ್ಟಿದ್ದ ಅರಿಶಿನ ಕುಂಕುಮವನ್ನು ಕೆರೆದು ಪಾಲಿಶ್ ಹೊಡೆದರು. ಮರದ ಗೆರೆಗಳು ಎದ್ದು ಕಂಡವು. ಮಾರನೇ ಬೆಳಿಗ್ಗೆಯೇ ಅಕ್ಕ ಅದನ್ನು ತೊಳೆದು, ಅರಿಶಿನ ಬಳಿದು, ರಂಗೋಲಿಯ ಎಳೆ ಎಳೆದಿದ್ದಳು. ಬೇಡವೆಂದೆ. ಹೊಸ್ತಿಲು ಪೂಜಿಸದೆ ಒಲೆ ಹಚ್ಚಿ ಅವಳಿಗೆ ಗೊತ್ತೇ ಇರಲಿಲ್ಲ.

ಮಂಡಿಕಲ್ಲಿನ ನೆಂಟರು ಮನೆ ನೋಡಲು ಬಂದ ದಿನವೂ ಅರಿಶಿನ ಹಸಿಯಾಗಿತ್ತು.

"ಹಳೇದು ಹೊಸದು ಎಷ್ಟು ಚೆನ್ನಾಗಿ ಕೂಡ್ಕೊಂಡೈತಪ್ಪ!" ಎಂದರು ನೆಂಟರು. ನನ್ನ ಕಣ್ಣು ಮಾತ್ರ ಆ ಹಳದಿಯ ಮೇಲೇ ಇತ್ತು.

"ಎಷ್ಟು ಸಲ ಹೇಳ್ಬೇಕಕ್ಕ ನಿಂಗೆ? ಪಾಲಿಶ್ ಹಾಳಾಗ್ತದೆ."

"ಹಂಗಾದ್ರೆ ಇದು ಮನೆ ಹೊಸ್ತಿಲಲ್ಲ ಬಿಡಪ್ಪ, ಷೋರೂಮಿಂದು" ಎಂದಳು ಅಕ್ಕ. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

"ಮನೆ ನಂದು. ಇಷ್ಟ ಇಲ್ದಿದ್ರೆ ದಾಟ್ಕೊಂಡು ಹೋಗು."

ನಗು ನಿಂತಿತು. ಅಕ್ಕ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದುಕೊಟ್ಟಳು. ಮಾರನೇ ದಿನ ಮೇಲೂರಿನಲ್ಲಿದ್ದ ಚಿಕ್ಕಮ್ಮನ ಮಗಳ ಮನೆಗೆ ಹೊರಟಳು. ನಾನು ತಡೆಯಲಿಲ್ಲ, ನಾಲ್ಕು ದಿನಕ್ಕೆ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಒಮ್ಮೆ ಬಸ್ಸು ಹತ್ತಿ ಮೇಲೂರಿನಲ್ಲಿ ಇಳಿದೆ. ಆಮೇಲೆ ಏನು ಹೇಳಬೇಕೆಂದು ತಿಳಿಯದೆ, ಬಂದ ಬಸ್ಸಿನಲ್ಲೇ ವಾಪಸಾದೆ. ಅವಳು ಅಲ್ಲಿಯೇ ತೀರಿಕೊಂಡಳು.

ಮಣ್ಣು ಹಾಕುವ ಹೊತ್ತಿಗೆ ಅಲ್ಲಿನ ಹಿರಿಯರೊಬ್ಬರು, "ಮನಸ್ನಾಗೆ ಏನಾದ್ರೂ ಇದ್ರೆ ಹೇಳ್ಬಿಡಪ್ಪ, ಇನ್ನೆಲ್ಲಿ ಸಿಕ್ತಾಳೆ" ಎಂದರು. ಮುಷ್ಟಿಯಲ್ಲಿ ಮಣ್ಣು ಹಿಡಿದು ಬಾಯಿ ತೆರೆದೆ. ತಪ್ಪಾಯಿತು ಎನ್ನುವ ಮಾತು ಹೊರಡಲಿಲ್ಲ. ಇಂದಿಗೂ ಹೊರಡುವುದಿಲ್ಲ. ಬಾಯಿಗೆ ಬಂದದ್ದು ಒಂದೇ.

ಅಕ್ಕ.