ಗುಂಡಿ ತಪ್ಪಿಸುವ ತೊಟ್ಟಿಲಣ್ಣ

ರಸ್ತೆ ಇಲಾಖೆಯ ಜೀಪು ಓಡಿಸುವವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಕೆಲಸಕ್ಕೆ ಬರುತ್ತಿದ್ದದ್ದು ಸಂಬಳದ ದಿನ ಮಾತ್ರ. ಉಳಿದಂತೆ ಅವನು ಎಲ್ಲರಿಗೂ ತೊಟ್ಟಿಲಣ್ಣ. ಅವನ ಜೀಪು ಹತ್ತಿದವರು ಎರಡು ತಿರುವು ದಾಟುವಷ್ಟರಲ್ಲಿ ತೂಕಡಿಸುತ್ತಿದ್ದರು. ಗುಂಡಿಯ ಅಂಚು ಹಿಡಿದು, ಒಂದು ಚಕ್ರ ಮಣ್ಣಿಗಿಳಿಸಿ, ಹೇಗೋ ನುಸುಳಿಬಿಡುತ್ತಿದ್ದ. ಎಂಥೆಂಥ ಸಿಡುಕು ಮೋರೆಯ ಅಧಿಕಾರಿಗಳೂ ಅವನ ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆದಿದ್ದಾರೆ. ಹೆಂಡತಿ ಮಾತ್ರ, "ರಸ್ತೆ ಮೇಲೆ ಇಷ್ಟು ನಾಜೂಕು, ಮನೇಲಿ ಗಾಜಿನ ಲೋಟ ಒಂದೂ ಉಳಿಸಲಿಲ್ಲ" ಎಂದು ಕುಟುಕುತ್ತಿದ್ದಳು.

ಆ ವರ್ಷ ಇಲಾಖೆ ಊರೂರಿನ ರಸ್ತೆಗಳ ತಪಾಸಣೆಗೆ ಹೊರಟಿತು. ಹೊಸದಾಗಿ ಬಂದ ಇಂಜಿನಿಯರ್ ಮೇಡಂ ಜೀಪಿಗೆ ಒಂದು ಪೆಟ್ಟಿಗೆ ಬಿಗಿಸಿದರು. ಜೀಪು ಕುಲುಕಿದಷ್ಟೂ ಅದು ರಸ್ತೆಗೆ ಅಂಕ ಕಡಿಮೆ ಮಾಡುತ್ತದೆ. ಕಡಿಮೆ ಅಂಕದ ರಸ್ತೆಗೆ ಮೊದಲು ಡಾಂಬರು.

"ನೀವು ದಿನಾ ಓಡಿಸೋ ಹಾಗೇ ಓಡಿಸಿ ಅಣ್ಣಾ, ಅಷ್ಟು ಸಾಕು" ಅಂದರು ಮೇಡಂ.

ತೊಟ್ಟಿಲಣ್ಣ ಕಾಯುತ್ತಿದ್ದದ್ದು ಒಂದೇ ರಸ್ತೆಗೆ, ಮಗಳನ್ನು ಕೊಟ್ಟ ಊರಿನದು. ಅವಳೀಗ ನಾಲ್ಕು ತಿಂಗಳ ಬಸುರಿ. ಆಸ್ಪತ್ರೆಗೆ ಅದೊಂದೇ ದಾರಿ. ನಡುವೆ, ಹಳೇ ಸೇತುವೆಯ ಪಕ್ಕ, ಎಮ್ಮೆ ಮಲಗುವಷ್ಟು ದೊಡ್ಡ ಗುಂಡಿ. ಹಿಂದಿನ ವರ್ಷ ಆ ಗುಂಡಿಯಲ್ಲಿ ಸಿಕ್ಕಿಬಿದ್ದ ಆಟೋದೊಳಗೇ ಮಗಳ ಓರಗಿತ್ತಿಗೆ ಹೆರಿಗೆಯಾಗಿತ್ತು. ತಾಯಿ ಮಗು ಉಳಿದದ್ದೇ ಪುಣ್ಯ. 

ಅಂತೂ ಆ ರಸ್ತೆಯ ಸರದಿ ಬಂತು. ಊರಿನ ತುದಿಯಲ್ಲಿ ಜೀಪು ನಿಲ್ಲಿಸಿ, "ಎಷ್ಟು ಕೆಟ್ಟದಾಗಿದೆ ಮೇಡಂ?" ಎಂದು ಆಸೆಯಿಂದ ಕೇಳಿದ.

ಮೇಡಂ ಕಣ್ಣುಜ್ಜಿಕೊಂಡು ಪೆಟ್ಟಿಗೆಯ ಪರದೆ ನೋಡಿದರು. "ಕೆಟ್ಟದಾ? ತುಂಬಾ ಚೆನ್ನಾಗಿದೆಯಲ್ಲ ಅಣ್ಣಾ! ನಂಗೆ ನಿದ್ದೇನೇ ಬಂದ್ಬಿಡ್ತು."

ತೊಟ್ಟಿಲಣ್ಣನಿಗೆ ಆಗ ಹೊಳೆಯಿತು: ಕೈಯಾರೆ ಮಗಳ ದಾರಿಗೆ ಕಲ್ಲು ಹಾಕಿದ್ದ.

"ರಸ್ತೆ ಚೆನ್ನಾಗಿಲ್ಲ ಮೇಡಂ. ನಾನು ಗುಂಡಿ ಎಲ್ಲಾ ತಪ್ಪಿಸಿಬಿಟ್ಟೆ. ಅಭ್ಯಾಸ."

"ಮತ್ತೆ ಇಷ್ಟು ದಿನ ನೋಡಿದ ರಸ್ತೆಗಳು?"

"ಅವೂ ಹೀಗೇ" ಎಂದು ಅವನು ತಲೆ ಕೆರೆದುಕೊಂಡ. ಮೇಡಂ ತಲೆ ಮೇಲೆ ಕೈ ಹೊತ್ತು ಕುಳಿತರು. ಸ್ವಲ್ಪ ಹೊತ್ತಿಗೆ ಅವರಿಗೇ ನಗು ತಡೆಯಲಾಗಲಿಲ್ಲ. "ಎಲ್ಲಾ ಮತ್ತೆ ಮಾಡೋಣ. ಮೊದಲು ಇದು. ಜೀಪು ತಿರುಗಿಸಿ, ಸ್ಟೀರಿಂಗ್ ಅಲ್ಲಾಡಿಸಿದರೆ ನೋಡಿ ಮತ್ತೆ!"

ಹೇಳುವುದು ಸುಲಭ, ಕೈ ಕೇಳಬೇಕಲ್ಲ. ಮೊದಲ ಗುಂಡಿ ಬಂದಾಗ ಕೈ ತಾನಾಗಿ ಪಕ್ಕಕ್ಕೆ ಎಳೆಯಿತು. "ಅಣ್ಣಾ!" ಎಂದು ಮೇಡಂ ಕೂಗಿದರು, ವಾಪಸು ಹೋಗಿ ಮತ್ತೆ ಹೊರಟರು. ಈ ಬಾರಿ ಮಗಳ ಮುಖ ನೆನೆದು, ಹಲ್ಲು ಕಚ್ಚಿ, ಒಂದನ್ನೂ ಬಿಡದೆ ಇಳಿಸಿದ. ಸೇತುವೆಯ ಪಕ್ಕದ ಗುಂಡಿಗೆ ಇಳಿದಾಗ ಮೇಡಂ ತಲೆ ಜೀಪಿನ ಚಾವಣಿಗೆ ಬಡಿಯಿತು.

"ಅಯ್ಯಯ್ಯೋ! ಯಾವ ಕತ್ತೆರೀ ನಿಮಗೆ ಲೈಸೆನ್ಸ್ ಕೊಟ್ಟಿದ್ದು?"

ಸರ್ವಿಸಿನಲ್ಲೇ ಅವನಿಗೆ ಬಿದ್ದ ಮೊದಲ ಬೈಗುಳ. ಅಷ್ಟು ಇಂಪಾದ ಮಾತನ್ನು ಅವನು ಕೇಳಿಯೇ ಇರಲಿಲ್ಲ. ಪರದೆ ಕೆಂಪಗಾಗಿತ್ತು. ನೆತ್ತಿ ಉಜ್ಜಿಕೊಳ್ಳುತ್ತಲೇ ಮೇಡಂ ಆ ರಸ್ತೆಯನ್ನು ಎಲ್ಲಕ್ಕಿಂತ ಮೇಲೆ ಬರೆದುಕೊಂಡರು.

ತಿಂಗಳು ತುಂಬಿ ಮಗಳಿಗೆ ನೋವು ಕಾಣಿಸಿಕೊಂಡದ್ದು ಒಂದು ಬೆಳಿಗ್ಗೆ. ಆಂಬುಲೆನ್ಸ್ ಓಡಿಸುತ್ತಿದ್ದವನು ಬೇರೆಯವನು, ಬಿರುಸಿನ ಕೈ. ತೊಟ್ಟಿಲಣ್ಣ ಹಿಂದೆ, ಅವಳ ಕೈ ಹಿಡಿದು ಕುಳಿತಿದ್ದ. ಸೇತುವೆ ಕಂಡೊಡನೆ ಅವನ ಮೈ ತಾನಾಗಿ ಬಿಗಿಯಾಯಿತು. ಬಾಗಿ, ಅವಳ ಭುಜವನ್ನು ಒತ್ತಿ ಹಿಡಿದ.

ಗಾಡಿ ಅಲುಗಲೇ ಇಲ್ಲ.

ಕಣ್ಣು ಮುಚ್ಚಿಕೊಂಡೇ ಮಗಳು ಕೇಳಿದಳು: "ಅಪ್ಪಾ, ಆ ಗುಂಡಿ ಇನ್ನೂ ಎಷ್ಟು ದೂರ?"

"ದಾಟಿ ಆಯ್ತು ತಾಯಿ" ಅಂದ.