ಅಕ್ಕನ ದವಾಖಾನೆ ಸಾಬೂನು

ಎಂಬತ್ತರ ದಶಕದ ಮಾತು. ನಾನು ಶಲವಡಿಯಲ್ಲಿ ಆರನೇ ಇಯತ್ತೆ ಓದುತ್ತಿದ್ದಾಗ, ನನಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕನಿಗೆ ಕಲಘಟಗಿ ಕಡೆಯ ಹಳ್ಳಿಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದವಳು ಅವಳೇ. ಅವಳು ಹೋದ ಮೇಲೆ ಅವ್ವ ಹಾಕಿದ ಜಡೆ ಶಾಲೆ ಮುಟ್ಟುವುದರೊಳಗೆ ಬಿಚ್ಚಿಹೋಗುತ್ತಿತ್ತು.

ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಳು. ಒಂದು ಸಲ ಕ್ರಿಮಿ ಕೊಲ್ಲುವ ಔಷಧಿ ಸಾಬೂನು ತಂದು ಬಚ್ಚಲಲ್ಲಿಟ್ಟಳು. 'ಉಣ್ಣೂಕಿಂತ ಮೊದಲ ಎಲ್ಲಾರೂ ಇದರಿಂದ ಕೈ ತೊಳಕೋರಿ' ಎಂದು ಹೇಳಿ ಮರುದಿನ ಬಸ್ಸು ಹತ್ತಿದಳು.

ಅದರ ಘಾಟು ಅವ್ವನಿಗೆ ಸೇರಲಿಲ್ಲ. ಆದರೆ ಅಕ್ಕನ ಸೀರೆಗೂ ಅದೇ ವಾಸನೆ ಇರುತ್ತಿತ್ತು. ನಾನು ಶಾಲೆಗೆ ಹೋಗುವಾಗ, ಬಂದ ಮೇಲೆ, ಉಣ್ಣುವ ಮೊದಲು, ಉಂಡ ನಂತರ ಕೈ ಉಜ್ಜಿ ತೊಳೆಯುತ್ತಿದ್ದೆ. ಅಂಗೈಯನ್ನು ಮೂಗಿಗೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ.

ಚಳಿ ಬಿದ್ದಾಗ ಬೆರಳ ಸಂದಿಯೆಲ್ಲ ಬಿರಿಯಿತು. ಅವ್ವನ ಜೊತೆ ಕಡಲೆಯ ಕುಡಿ ಚಿವುಟಲು ಹೊಲಕ್ಕೆ ಹೋದವಳು, ಎಲೆಯ ಹುಳಿ ಬಿರುಕಿಗೆ ತಾಗಿ ಬದುವಿನ ಮೇಲೆ ಕೂತು ಅತ್ತೆ. ನಾಲ್ಕು ದಿನದಲ್ಲಿ ಒಂದು ಬಿರುಕಿನಲ್ಲಿ ಕೀವಾಯಿತು.

ಅಕ್ಕ ಬಂದಾಗ ಅವ್ವ ನನ್ನ ಕೈ ಹಿಡಿದು ಅವಳ ಮುಂದೆ ಒಡ್ಡಿದಳು. 'ನೋಡು ನಿನ್ನ ದವಾಖಾನಿ ಸಬಕಾರ ಏನ್ ಮಾಡೈತಿ.'

ಅಕ್ಕ ನನ್ನನ್ನು ಬೆಳಕಿಗೆ ಕರೆದೊಯ್ದಳು. 'ದಿನಾ ಎಷ್ಟ ಸಲ ತೊಳಕೊಂತಿದ್ದಿ?'

'ಎಣಿಸಿಲ್ಲ.'

'ಹೆರಿಗಿ ಮಾಡಸೂ ನಮಗ ಇದು ಬೇಕಾಗತೈತಿ. ನಿನಗ ಸಾದಾ ಸಬಕಾರ ಸಾಕಬೇ. ತೊಗಲ ಸೀಳಿದರ ಹೊಲಸು ಒಳಗ ಹೊಕ್ಕತೈತಿ. ಛಲೋ ಆಗಲಿ ಅಂತ ತಂದೆ, ನಾನ ಕೆಡಿಸಿದೆ.' ಕೀವು ಒರೆಸಿ ಮುಲಾಮು ಹಚ್ಚಿದಳು. ಆಗ ಅವಳ ಕೈ ನೋಡಿದೆ. ನನ್ನವಕ್ಕಿಂತ ಹೆಚ್ಚು ಬಿರಿದಿದ್ದವು.

ಹೊರಡುವಾಗ ಉಳಿದ ಸಾಬೂನನ್ನು ಚೀಲಕ್ಕೆ ಹಾಕಿಕೊಂಡಳು.

'ಅದನ್ನ ಒಯ್ಯಬ್ಯಾಡ' ಎಂದೆ.

'ಯಾಕ?'

'ನಿನ್ನ ವಾಸನಿ ಬರತೈತಿ ಅದಕ್ಕ.'

ಅಕ್ಕ ಚೀಲ ಕೆಳಗಿಟ್ಟು, ನನ್ನನ್ನು ಮುಂದೆ ಕೂರಿಸಿಕೊಂಡು, ಸಡಿಲಾಗಿದ್ದ ಜಡೆ ಬಿಚ್ಚಿ ಬಿಗಿಯಾಗಿ ಹಾಕಿದಳು. ಬಸ್ಸು ತಪ್ಪಿತು. ಸಾಬೂನಿನ ಸಮೇತ ಮುಂದಿನ ಬಸ್ಸಿಗೆ ಹೋದಳು.

ಕ್ರಿಮಿ ಕೊಲ್ಲುವ ಸಾಬೂನು ಮನೆಮಂದಿಗೆ ಬೇಕಿಲ್ಲ, ನೀರು, ಸಾದಾ ಸಾಬೂನು ಸಾಕು ಎಂದು ಈಗಿನ ಡಾಕ್ಟರೂ ಹೇಳುತ್ತಾರೆ. ಇರಬಹುದು. ನನ್ನ ಕೈಗಳಂತೂ ಸಾದಾ ಸಾಬೂನಿನಲ್ಲಿ ತಿಂಗಳೊಳಗೆ ಮಾಯ್ದವು. ಅದೇ ಬೇಸಿಗೆಯಲ್ಲಿ ಅಕ್ಕನಿಗೆ ದೂರದ ಜಿಲ್ಲೆಗೆ ವರ್ಗವಾಯಿತು, ಮರುವರ್ಷ ಅಲ್ಲೇ ಮದುವೆಯೂ ಆಯಿತು. ಆಮೇಲೆ ನಾಗರ ಪಂಚಮಿಗೆ ಬಂದರೆ ಬಂದಳು. ಬಂದಾಗಲೂ ಮನೆ ತುಂಬ ಜನ. ನಾವಿಬ್ಬರೇ ಕೂತು ಮಾತಾಡುವುದು ಮತ್ತೆ ಆಗಲೇ ಇಲ್ಲ.